ಸಂಬಂಧ: ಮಗಳು

ವಿದೇಶಿ ವಿದ್ವಾಂಸರ ವಿಭಾಗ
ಘಾಟ್ಕೋಪರ್ ಪೂರ್ವ, ಮುಂಬೈ
8 ಜುಲೈ 2024

ಶ್ರೀ ಚೆನ್ನಯ ಪೂಜಾರಿ ಅವರಿಗೆ, ಚೆಂಬೂರು

ಮಾನ್ಯರೇ,

ವಿಷಯ: ಡಾ. ಹಿರುತ್ ಬೆಕೆಲೆಯವರ ವಾಸಸ್ಥಳದ ಕಾಗದಪತ್ರಗಳು

ನಮ್ಮ ವಿಶ್ವವಿದ್ಯಾಲಯದ ಸಂಶೋಧಕಿ, ಇಥಿಯೋಪಿಯಾ ದೇಶದ ಡಾ. ಹಿರುತ್ ಬೆಕೆಲೆಯವರು ಒಂದು ವರ್ಷದಿಂದ ತಮ್ಮ ಮನೆಯಲ್ಲಿ ಬಾಡಿಗೆಗಿದ್ದಾರೆಂದು ನಮ್ಮ ದಾಖಲೆ ಹೇಳುತ್ತದೆ. ಅವರ ಉದ್ಯೋಗ ವೀಸಾ ಅಕ್ಟೋಬರ್ 31ಕ್ಕೆ ಮುಗಿಯುತ್ತದೆ. ‘ಇವರು ನಮ್ಮಲ್ಲಿ ಕೆಲಸಕ್ಕಿದ್ದಾರೆ, ಇವರಿಗೆ ನಾವು ಹೊಣೆ’ ಎಂದು ವಿಶ್ವವಿದ್ಯಾಲಯ ಬರೆದುಕೊಟ್ಟರೆ ಮಾತ್ರ ಅದು ಮುಂದುವರಿಯುತ್ತದೆ. ಇಲ್ಲವಾದರೆ ಅವರು ದೇಶ ಬಿಡಬೇಕು.

ಆ ಹೊಣೆಪತ್ರದ ಜೊತೆಗೆ ಬಾಡಿಗೆ ಕರಾರು, ವಿದೇಶಿಯರು ಮನೆಗೆ ಬಂದ ಇಪ್ಪತ್ನಾಲ್ಕು ಗಂಟೆಯೊಳಗೆ ಪೊಲೀಸರಿಗೆ ಕಳಿಸಬೇಕಾದ ಸಿ ಫಾರ್ಮಿನ ಪ್ರತಿ ಮತ್ತು ಹೌಸಿಂಗ್ ಸೊಸೈಟಿಯ ಒಪ್ಪಿಗೆ ಪತ್ರ ಲಗತ್ತಿಸಬೇಕಾಗಿದೆ. ದಯವಿಟ್ಟು ಕಳಿಸಿಕೊಡುವುದು.

ಈ ವಿಭಾಗದ ಪತ್ರವ್ಯವಹಾರ ಇಂಗ್ಲಿಷಿನಲ್ಲಿ ನಡೆಯುತ್ತದೆ. ಆದರೆ ಇಂಗ್ಲಿಷ್ ಪತ್ರ ಬಂದರೆ ತಾವು ಒಡೆಯದೆ ಕ್ಯಾಲೆಂಡರಿನ ಹಿಂದೆ ಸಿಕ್ಕಿಸುವಿರೆಂದು ಈ ವಿಭಾಗಕ್ಕೆ ತಿಳಿದಿರುವುದರಿಂದ ಕನ್ನಡದಲ್ಲಿ ಬರೆಯಲಾಗಿದೆ.

ತಮ್ಮ ವಿಶ್ವಾಸಿ,
ವಿನೋದಿನಿ ಅನಿಲಕುಮಾರ
ಅಧಿಕೃತ ಸಹಿದಾರರು


ಚೆಂಬೂರು
15 ಜುಲೈ 2024

ವೀಸಾ ಆಫೀಸರ್ ಮೇಡಂ ಅವರಿಗೆ,

ಚೆನ್ನಯ ಪೂಜಾರಿಯ ನಮಸ್ಕಾರಗಳು. ಆರು ವರ್ಷದ ಮೇಲೆ ಮಗಳ ಪತ್ರ ಬಂತೆಂದು ಒಡೆದರೆ ಒಳಗೆ ಟೈಪು ಮಾಡಿದ ಕಾಗದ. ಇರಲಿ. ಫೋನ್ ಮಾಡುವ ಯೋಚನೆ ನನಗೂ ಬಂದಿತ್ತು. ಎರಡು ವರ್ಷದ ಹಿಂದೆ ನಿನ್ನ ಅಮ್ಮನನ್ನು ಸುಡುವಾಗ ಹತ್ತು ಮೊಳ ದೂರದಲ್ಲಿ ನಿಂತು ಮಾತಾಡದವರು ನಾವು, ಫೋನಿನಲ್ಲಿ ಏನು ಮಾತಾಡುತ್ತೇವೆ? ಕಾಗದವೇ ವಾಸಿ. ಸಿಟ್ಟು ಬಂದರೆ ಮಡಚಿಡಬಹುದು.

ಹಿರುತ್ ನನ್ನ ಮನೆಗೆ ಹೇಗೆ ಬಂದಳೆಂದು ನಿಮ್ಮ ದಾಖಲೆಯಲ್ಲಿ ಇರಲಿಕ್ಕಿಲ್ಲ. ನಾನು ರಿಟೈರಾಗುವ ವರ್ಷ ಅವಳು ಹೋಟೆಲಿಗೆ ಬಂದಳು. ಟೇಬಲ್ಲಿಗೆ ಕೂರಲಿಲ್ಲ, ನೇರ ಅಡುಗೆಮನೆಯ ಬಾಗಿಲಿಗೆ ಬಂದು, ಹಿಟ್ಟು ರುಬ್ಬುವವರು ಯಾರು ಎಂದು ಹಿಂದಿಯಲ್ಲಿ ಕೇಳಿದಳು. ಹಿಟ್ಟು ಹುಳಿ ಬರಿಸುವ, ಕಣ್ಣಿಗೆ ಕಾಣದ ಜೀವಗಳ ಮೇಲೆ ಅವಳ ಸಂಶೋಧನೆ. ಅವಳ ಊರಿನಲ್ಲೂ ಹುಳಿ ಹಿಟ್ಟನ್ನು ಕಾವಲಿಯ ಮೇಲೆ ದೊಡ್ಡ ದೋಸೆಯ ಹಾಗೆ ಹೊಯ್ಯುತ್ತಾರಂತೆ. ಅವಳಜ್ಜಿ ಹಳೆ ಹಿಟ್ಟಿನ ಒಂದು ಸೌಟು ಉಳಿಸಿ ಹೊಸ ಹಿಟ್ಟಿಗೆ ಕೂಡಿಸುತ್ತಿದ್ದಳಂತೆ. ನಾನು ಮೂವತ್ತೆಂಟು ವರ್ಷ ಮಾಡಿದ್ದು ಅದನ್ನೇ. ಹೋಟೆಲಿನ ಧಣಿಗಳು ಮೂರು ಸಲ ಬದಲಾದರು, ಹಿಟ್ಟು ಬದಲಾಗಲಿಲ್ಲ. ರಿಟೈರಾದ ದಿನ ಅದರ ಒಂದು ಪಾಲನ್ನು ಭರಣಿಯಲ್ಲಿ ಮನೆಗೆ ತಂದೆ. ಹಿಟ್ಟಿನ ಹಿಂದೆಯೇ ಆ ಹುಡುಗಿಯೂ ಬಂದಳು. ಹನ್ನೊಂದು ಮನೆಯವರು ಅವಳ ಮುಖ ನೋಡಿ ರೂಮು ಇಲ್ಲವೆಂದಿದ್ದರು. ನಿನ್ನ ರೂಮು ಖಾಲಿ ಇತ್ತು, ಕೊಟ್ಟೆ.

ಕರಾರು ಇದೆ, ಸಿ ಫಾರ್ಮ್ ಇದೆ. ಸೊಸೈಟಿಯ ಪತ್ರ ಮಾತ್ರ ಸಿಗುವುದಿಲ್ಲ. ನಮ್ಮ ಬಿಲ್ಡಿಂಗಿನಲ್ಲಿ ಪೇಯಿಂಗ್ ಗೆಸ್ಟ್ ಇಡುವ ಹಾಗಿಲ್ಲ, ಮನೆಯವರು ಮಾತ್ರ ಇರಬೇಕು. ಸೊಸೈಟಿಯ ರಿಜಿಸ್ಟರಿನಲ್ಲಿ ‘ಸಂಬಂಧ’ ಎಂದು ಒಂದು ಕಾಲಂ ಇದೆ. ಹಿರುತ್ ಹೆಸರಿನ ಮುಂದೆ ನಾನು ‘ಮಗಳು’ ಎಂದು ಬರೆದೆ. ಪೊಲೀಸರ ಫಾರ್ಮಿನಲ್ಲಿ ಬಾಡಿಗೆಯವಳು ಎಂದೇ ಇದೆ. ಸರಕಾರಕ್ಕೆ ಸುಳ್ಳು ಹೇಳಲಿಲ್ಲ. ಸೆಕ್ರೆಟರಿ ಕಾಂತಪ್ಪ ಮೊನ್ನೆ ರಿಜಿಸ್ಟರ್ ಹಿಡಿದುಕೊಂಡು ಬಂದ.

“ಚೆನ್ನಯಣ್ಣ, ಇದು ಎಂಥದು ಮಾರಾಯ್ರೆ? ಮಗಳು ಅಂತ ಬರ್ದಿದ್ದೀರಿ.”

“ಹೌದು. ಬರ್ದಿದ್ದೇನೆ.”

“ಬಣ್ಣ ನೋಡಿದ್ರೆ ಯಾರಿಗಾದ್ರೂ ಗೊತ್ತಾಗುದಿಲ್ವಾ?”

“ನನ್ನ ಬಣ್ಣ ಎಂಥ ಹಾಲಿನ ಹಾಗೆ ಉಂಟಾ? ಒಲೆ ಮುಂದೆ ನಿಂತವನ ಮಗಳು ಕಪ್ಪಿದ್ರೆ ನಿಮಗೆ ಎಂಥ ತೊಂದರೆ?”

ಅವನು ರಿಜಿಸ್ಟರ್ ಮುಚ್ಚಿಕೊಂಡು ಹೋದ. ಸುಮ್ಮನಿರುವ ಜನ ಅಲ್ಲ. ನಾನೂ ಅಲ್ಲ. ಬರೆದದ್ದನ್ನು ಅಳಿಸುವುದಿಲ್ಲ, ಅದನ್ನು ನಿಮ್ಮ ದಾಖಲೆಯಲ್ಲಿ ಬರೆದುಕೊಳ್ಳಿ.

ಇಂತಿ,
ಚೆನ್ನಯ ಪೂಜಾರಿ


ದಹಿಸರ್
24 ಜುಲೈ 2024

ಅಪ್ಪನಿಗೆ,

ಇದು ಕೈಬರಹ. ಆಫೀಸಿನ ಕಾಗದವಲ್ಲ, ನನ್ನ ಮನೆಯ ಕಾಗದ. ಎರಡು ಸಲ ಮಡಚಿಟ್ಟೆ, ಸಿಟ್ಟು ಹೋಗಲಿಲ್ಲ. ಹಾಗಾಗಿ ಬರೆದುಬಿಡುತ್ತೇನೆ.

ಆರು ವರ್ಷದ ಹಿಂದೆ, ಮದುವೆಯಾಗುತ್ತೇನೆಂದು ಅನಿಲಕುಮಾರರನ್ನು ನಿಮ್ಮ ಬಾಗಿಲಿಗೆ ಕರೆತಂದೆ. ಅವರು ಯಾದಗಿರಿಯ ಕಡೆಯವರು, ಅವರಪ್ಪ ಮರೆಪ್ಪ ಕಟ್ಟಡದಲ್ಲಿ ಕಾಂಕ್ರೀಟು ಹೊರುವವರು, ಜಾತಿ ಬೇರೆ. ನೀವು ಅವರಿಗೆ ಕೂರಲು ಹೇಳಲಿಲ್ಲ. “ನಮ್ಮವನಲ್ಲ” ಎಂದು ಒಂದೇ ಮಾತು ಹೇಳಿ ಒಳಗೆ ಹೋದಿರಿ. ಅವರು ಚಪ್ಪಲಿ ಬಿಚ್ಚಿರಲಿಲ್ಲ, ಮತ್ತೆ ಹಾಕಿಕೊಳ್ಳುವ ಕಷ್ಟ ತಪ್ಪಿತು ಎಂದು ನಕ್ಕರು. ಆ ನಗುವನ್ನು ನಾನು ಇವತ್ತಿಗೂ ಮರೆತಿಲ್ಲ.

ಈಗ ಸಮುದ್ರದಾಚೆಯಿಂದ ಬಂದ ಹುಡುಗಿಯನ್ನು ನನ್ನ ರೂಮಿನಲ್ಲಿಟ್ಟು, ನನ್ನ ಹೆಸರಿರಬೇಕಾದ ಕಡೆ ಅವಳ ಹೆಸರು ಬರೆದು, ಇಡೀ ಬಿಲ್ಡಿಂಗಿನ ಮುಂದೆ ಸೆಟೆದು ನಿಂತಿದ್ದೀರಿ. ಸಂತೋಷ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳ ಫೈಲು ನನ್ನ ಮೇಜಿನ ಮೇಲಿದೆ, ನನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತೇನೆ. ಒಂದೇ ಪ್ರಶ್ನೆ. ಈ ಧೈರ್ಯ ಆಗ ಎಲ್ಲಿತ್ತು?

ಸೊಸೈಟಿಯ ಪತ್ರದ ಬದಲು ಲೈಟ್ ಬಿಲ್ಲು ನಡೆಯುತ್ತದೆ. ಕಳಿಸಿ.

ವಿನೋದಿನಿ


ಚೆಂಬೂರು
1 ಆಗಸ್ಟ್ 2024

ವಿನೋದಿನಿ,

ಲೈಟ್ ಬಿಲ್ಲು, ಕರಾರು, ಸಿ ಫಾರ್ಮ್ ಇದರ ಜೊತೆಗಿವೆ.

ನೀನು ಪ್ರಶ್ನೆ ಕೇಳಿದ ಕಾಗದವನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ್ದೇನೆ, ದಿನಾ ತೆಗೆದು ಓದುತ್ತೇನೆ.

ಅಪ್ಪ


ವಿದೇಶಿ ವಿದ್ವಾಂಸರ ವಿಭಾಗ, ಘಾಟ್ಕೋಪರ್ ಪೂರ್ವ
5 ಸೆಪ್ಟೆಂಬರ್ 2024

ಶ್ರೀ ಚೆನ್ನಯ ಪೂಜಾರಿ ಅವರಿಗೆ,

ಮಾನ್ಯ ಡೈರೆಕ್ಟರ್ ಅವರ ಆದೇಶದ ಮೇರೆಗೆ ಬರೆಯುವುದೇನೆಂದರೆ, ಡಾ. ಹಿರುತ್ ಬೆಕೆಲೆಯವರು ತಮ್ಮ ಮನೆಯಲ್ಲಿ ಸೊಸೈಟಿಯ ನಿಯಮಕ್ಕೆ ವಿರುದ್ಧವಾಗಿ ವಾಸವಾಗಿದ್ದಾರೆಂದು ಸೊಸೈಟಿಯ ಸೆಕ್ರೆಟರಿಯವರಿಂದ ದೂರು ಬಂದಿದೆ. ಅವರ ನಡವಳಿಕೆಯಿಂದ ತೊಂದರೆಯಾಗುತ್ತಿದೆ, ಮನೆ ಬಿಡಲು ಹೇಳಿದ್ದೇನೆ ಎಂದು ತಾವು ಒಂದು ಪತ್ರ ಬರೆದುಕೊಟ್ಟರೆ ವಿಶ್ವವಿದ್ಯಾಲಯವು ತಮ್ಮನ್ನು ಈ ವಿಷಯದಿಂದ ದೂರವಿಡುತ್ತದೆ.

ವಿನೋದಿನಿ ಅನಿಲಕುಮಾರ
ಅಧಿಕೃತ ಸಹಿದಾರರು

ಅಪ್ಪ, ಮೇಲಿನದು ಆದೇಶ. ಇನ್ನು ನಾನು ಹೇಳುವುದನ್ನು ಓದಿ.

ನಮ್ಮ ವಿಭಾಗವನ್ನೂ ಹಿರುತ್ ಕೆಲಸ ಮಾಡುವ ಲ್ಯಾಬನ್ನೂ ನೋಡಿಕೊಳ್ಳುವ ಡೈರೆಕ್ಟರಿಗೆ ನಿಮ್ಮ ಸೊಸೈಟಿಯ ನಿಯಮದಿಂದ ಏನೂ ಆಗಬೇಕಾಗಿಲ್ಲ. ಹಿರುತ್ ಒಂದು ಸಂಶೋಧನಾ ಲೇಖನ ಬರೆದಿದ್ದಾಳೆ, ನಿಮ್ಮ ಭರಣಿಯ ಹಿಟ್ಟಿನ ಮೇಲೆ. ಅಂಥ ಹಿಟ್ಟು ಅವಳಿಗೆ ಬೇರೆಲ್ಲೂ ಸಿಗಲಿಲ್ಲವಂತೆ. ಅದು ಯಂತ್ರದಲ್ಲಿ ಕಲಸಿದರೆ ಒಂದು ಥರ, ನಿಮ್ಮ ಕೈಯಲ್ಲಿ ಕಲಸಿದರೆ ಇನ್ನೊಂದು ಥರ ಏಳುತ್ತದೆ ಎಂದು ತೋರಿಸಿದ್ದಾಳೆ. ಲೇಖನದ ಮೇಲೆ ಎರಡು ಹೆಸರುಗಳಿವೆ. ಮೊದಲನೆಯದು ಅವಳದು. ಎರಡನೆಯದು ನಿಮ್ಮದು. ಚೆನ್ನಯ ಪೂಜಾರಿ, ಚೆಂಬೂರು, ಮುಂಬೈ. ನಾನೇ ಕಣ್ಣಾರೆ ನೋಡಿದೆ.

ಆ ಹೆಸರು ತೆಗೆದು ತನ್ನ ಹೆಸರನ್ನು ಮೊದಲು ಹಾಕಬೇಕು ಎಂದು ಡೈರೆಕ್ಟರ್ ಹೇಳುತ್ತಾರೆ. ನಿಮ್ಮನ್ನು ‘ಮಾದರಿ ಸಂಖ್ಯೆ ನಾಲ್ಕು, ಚೆಂಬೂರಿನ ಒಂದು ಹೋಟೆಲು’ ಎಂದು ಬರೆದರೆ ಸಾಕಂತೆ. ಹೋಟೆಲಿನಲ್ಲಿ ಹಿಟ್ಟು ರುಬ್ಬುವವನ ಹೆಸರನ್ನು ಪಕ್ಕದಲ್ಲಿಟ್ಟುಕೊಂಡು ತಾನು ಜಗತ್ತಿಗೆ ಮುಖ ತೋರಿಸುವುದು ಹೇಗೆ ಎಂದು ನನ್ನೆದುರೇ ಕೇಳಿದರು. ಹಿರುತ್ ಆಗುವುದಿಲ್ಲ ಎಂದಳು. ಅಂದಿನಿಂದ ಅವಳ ಹೊಣೆಪತ್ರ ನಿಂತಿದೆ. ನಿಯಮದ ಪ್ರಕಾರ ಅದಕ್ಕೆ ಸಹಿ ಹಾಕುವವಳು ನಾನು. ವಾಡಿಕೆಯ ಪ್ರಕಾರ ಅವರು ಹೂಂ ಎನ್ನಬೇಕು. ಅವರು ಎನ್ನುತ್ತಿಲ್ಲ. ಅಕ್ಟೋಬರ್ ಮುಗಿದರೆ ಅವಳು ಹೊರಡಬೇಕು, ಲೇಖನ ಲ್ಯಾಬಿನಲ್ಲಿ ಉಳಿಯುತ್ತದೆ, ಆಮೇಲೆ ಯಾರ ಹೆಸರು ಬೇಕಾದರೂ ಬರುತ್ತದೆ.

ಇದನ್ನು ಅವಳು ನಿಮಗೆ ಹೇಳಿರಲಿಕ್ಕಿಲ್ಲ. ಹೇಳಿದರೆ ನೀವೇ ಹೆಸರು ತೆಗೆ ಎನ್ನುತ್ತೀರಿ ಎಂದು ಅವಳಿಗೆ ಭಯ. ನೀವು ನನ್ನ ತಂದೆಯೆಂದು ಅವಳಿಗೂ ಗೊತ್ತಿಲ್ಲ, ಡೈರೆಕ್ಟರಿಗೂ ಗೊತ್ತಿಲ್ಲ. ಅವರು ಇಲ್ಲಿಗೆ ಬಂದದ್ದು ನನ್ನ ಮದುವೆಯ ಮೇಲೆ, ಆಗಲೇ ನನ್ನ ಹೆಸರಿನ ಮುಂದೆ ಪೂಜಾರಿ ಇರಲಿಲ್ಲವಲ್ಲ.

ವಿನೋದಿನಿ


ಚೆಂಬೂರು
12 ಸೆಪ್ಟೆಂಬರ್ 2024

ಮಗಳು ವಿನೋದಿನಿಗೆ,

ನಿನ್ನ ಡೈರೆಕ್ಟರಿಗೆ ಉತ್ತರ ಬೇರೆ ಕಾಗದದಲ್ಲಿ ಬರೆದಿದ್ದೇನೆ. ಒಂದೇ ಸಾಲು. ‘ಹುಡುಗಿಯ ನಡತೆ ಒಳ್ಳೆಯದು, ನಿಮ್ಮದು ಹೇಗೆಂದು ನನಗೆ ಗೊತ್ತಿಲ್ಲ.’ ಅದನ್ನು ಇಂಗ್ಲಿಷಿಗೆ ತಿರುಗಿಸುವಾಗ ಮೆತ್ತಗೆ ಮಾಡಬೇಡ.

ಹಿರುತ್ ಹೆದರಿದ್ದು ಸರಿಯೇ. ಮೊದಲು ನನಗೆ ಬಂದ ಯೋಚನೆ ಅದೇ. ನನ್ನ ಹೆಸರು ಯಾಕೆ ಬೇಕು, ತೆಗೆದುಬಿಡು ಎಂದು ಅವಳಿಗೆ ಹೇಳಿಯೂ ಬಿಟ್ಟೆ. ಅವಳು ಲೋಟ ಕೆಳಗಿಟ್ಟು, ತನಗೆ ಬರುವ ಅಷ್ಟಿಷ್ಟು ಕನ್ನಡದಲ್ಲಿ ಹೇಳಿದಳು: “ಅಪ್ಪ, ನನ್ನ ಅಜ್ಜಿ ಹೆಸರು ಯಾರೂ ಬರೀಲಿಲ್ಲ. ನಿಮ್ದು ನಾನು ಬರ್ದೆ. ತೆಗೆಯೋದಿಲ್ಲ.” ಮೂವತ್ತೆಂಟು ವರ್ಷ ಹೋಟೆಲಿನಲ್ಲಿ ನನ್ನನ್ನು ‘ಹಿಟ್ಟು’ ಎಂದೇ ಕರೆದರು. ಹಿಟ್ಟು ಬಂದನಾ, ಹಿಟ್ಟು ಉಂಡನಾ. ನಾನೂ ಓಗೊಡುತ್ತಿದ್ದೆ. ಅದು ಬೇಸರವೆಂದು ನನಗೆ ಗೊತ್ತಾದದ್ದು ಈಗ, ಎಪ್ಪತ್ತರ ಹತ್ತಿರ.

ಇನ್ನು ನೀನು ಕೇಳಿದ ಪ್ರಶ್ನೆ. ಆ ಧೈರ್ಯ ಆಗ ಇರಲಿಲ್ಲ. ನಮ್ಮ ಜಾತಿಯ ಸಂಘದವರು ಏನು ಹೇಳುತ್ತಾರೆ, ಊರಿನಲ್ಲಿ ನನ್ನ ಅಕ್ಕಂದಿರ ಮನೆಯಲ್ಲಿ ಏನು ಮಾತಾಗುತ್ತದೆ ಎಂದು ಹೆದರಿದೆ. ಬಾಗಿಲಲ್ಲಿ ನಿಂತವನ ಮುಖ ನೋಡಿದರೆ ಕೂರು ಎನ್ನಬೇಕಾಗುತ್ತದೆಂದು ನೋಡಲೇ ಇಲ್ಲ. ನಾನು ಮಾಡಿದ್ದು ತಪ್ಪು. ಹನ್ನೊಂದು ಮನೆಯವರು ಹಿರುತ್‌ಗೆ ಬಾಗಿಲಿನಿಂದಲೇ ಇಲ್ಲ ಎಂದರಲ್ಲ, ಅವಳು ಅದನ್ನು ಒಂದೊಂದಾಗಿ ಹೇಳುತ್ತಿದ್ದಾಗ ಒಂದು ಮನೆ ನನ್ನದೇ ಅನ್ನಿಸಿತು. ಹನ್ನೆರಡನೆಯವನಾಗಬಾರದೆಂದು ರೂಮು ಕೊಟ್ಟೆ. ಅದರಿಂದ ನಿನಗೆ ಮಾಡಿದ್ದು ತೀರುವುದಿಲ್ಲ, ನನಗೆ ಗೊತ್ತು.

ಇನ್ನೊಂದು ಮಾತು. ಅಮ್ಮ ತಿಂಗಳಿಗೊಂದು ಸಲ ನಿನ್ನ ಮನೆಗೆ ಕದ್ದು ಬರುತ್ತಿದ್ದಳು, ಸ್ಟೀಲ್ ಡಬ್ಬಿಯಲ್ಲಿ ಹಿಟ್ಟು ತರುತ್ತಿದ್ದಳು. ನನಗೆ ತಿಳಿಯದೆಂದು ನೀವಿಬ್ಬರೂ ಎಣಿಸಿದಿರಿ. ಅಮ್ಮನಿಗೆ ಹಿಟ್ಟು ಕಲಸಲಿಕ್ಕೆ ಯಾವತ್ತಾದರೂ ಬರುತ್ತಿತ್ತಾ? ಅಳತೆಗಿಂತ ಜಾಸ್ತಿ ರುಬ್ಬಿ, ಡಬ್ಬಿಯ ಪಕ್ಕದಲ್ಲಿಟ್ಟು, ನಾನು ಪೇಪರ್ ಓದುತ್ತ ಕೂರುತ್ತಿದ್ದೆ. ಅಷ್ಟೇ ನನ್ನಿಂದ ಆದದ್ದು.

ನಿನ್ನ ಕೆಲಸಕ್ಕೆ ಕುತ್ತು ತಂದುಕೊಳ್ಳಬೇಡ. ನಾವು ಇಲ್ಲಿ ನೋಡಿಕೊಳ್ಳುತ್ತೇವೆ.

ಅಪ್ಪ


ದಹಿಸರ್
4 ಅಕ್ಟೋಬರ್ 2024

ಅಪ್ಪ,

ನಿಮ್ಮ ಪತ್ರ ಬಂದು ಮೂರು ವಾರವಾಯಿತು. ಅದನ್ನು ಅನಿಲಕುಮಾರರಿಗೆ ಓದಿ ಹೇಳಿದೆ. ಅವರು ಕೇಳಿ, ನಾವು ಎರಡು ವರ್ಷದಿಂದ ಅಂಗಡಿಯ ಹಿಟ್ಟು ತಿನ್ನುತ್ತಿದ್ದೇವಲ್ಲ, ಅದಕ್ಕೇ ನನಗೆ ಹೊಟ್ಟೆ ಸರಿಯಿಲ್ಲ ಎಂದರು. ಅವರು ಹೀಗೆಯೇ, ಬೇಸರವಾದರೆ ತಮಾಷೆ ಮಾಡುತ್ತಾರೆ. ನಾನು ಅತ್ತೆ. ಅದನ್ನು ಮುಚ್ಚಿಡುವುದಿಲ್ಲ.

ಇವತ್ತು ಆಫೀಸಿನಲ್ಲಿ ನಡೆದದ್ದನ್ನು ಹೇಳುತ್ತೇನೆ. ನಿಮ್ಮ ಒಂದು ಸಾಲನ್ನು ನಾನು ಇದ್ದ ಹಾಗೆಯೇ ಇಂಗ್ಲಿಷಿಗೆ ತಿರುಗಿಸಿ ಕೊಟ್ಟಿದ್ದೆ. ಡೈರೆಕ್ಟರ್ ಅದನ್ನು ಎರಡು ಸಲ ಓದಿದರು. ಕಾಂತಪ್ಪನವರು ಕಳಿಸಿದ ರಿಜಿಸ್ಟರಿನ ಜೆರಾಕ್ಸ್ ಅವರ ಕೈಯಲ್ಲಿತ್ತು. ಸಂಬಂಧದ ಕಾಲಮ್ಮಿಗೆ ಕೆಂಪು ಗೆರೆ ಹಾಕಿದ್ದರು.

“ಈ ಮುದುಕನಿಗೆ ನಿಜವಾದ ಮಗಳು ಒಬ್ಬಳಿದ್ದಾಳಂತೆ, ಜಗಳ ಮಾಡಿ ಬಿಟ್ಟು ಹೋಗಿದ್ದಾಳಂತೆ. ಸೆಕ್ರೆಟರಿ ಹೇಳಿದ್ದಾನೆ,” ಎಂದರು. “ಅವಳಿಗೆ ಅಪ್ಪನ ಮೇಲೆ ಸಿಟ್ಟು ಇದ್ದೇ ಇರುತ್ತದೆ. ಅವಳನ್ನು ಹುಡುಕಿ, ಅಪ್ಪ ರಿಜಿಸ್ಟರಿನಲ್ಲಿ ಸುಳ್ಳು ಬರೆದಿದ್ದಾನೆ ಅಂತ ಒಂದು ಹೇಳಿಕೆ ಬರೆಸಿಕೊಂಡು ಬಾ. ಸುಳ್ಳು ವಿಳಾಸ ಅಂತ ಆದರೆ ಹೊಣೆಪತ್ರದ ಮಾತೇ ಇಲ್ಲ. ಬುಧವಾರದೊಳಗೆ ಬೇಕು.”

ನಾನು ಆಗಲೇ ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹದಿನಾಲ್ಕು ವರ್ಷದಿಂದ ಈ ಕೆಲಸ ಮಾಡಿ ಒಂದು ಕಲಿತಿದ್ದೇನೆ, ಬಾಯಲ್ಲಿ ಹೇಳಿದ್ದು ಈ ಕಟ್ಟಡದಲ್ಲಿ ಉಳಿಯುವುದಿಲ್ಲ. “ಆಯ್ತು ಸರ್, ಬರೆಸಿಕೊಂಡು ಬರ್ತೀನಿ” ಎಂದೆ.

ಇಷ್ಟು ವರ್ಷ ಎಷ್ಟು ಜನರ ವೀಸಾ ಕಾಗದ ನನ್ನ ಕೈಯಿಂದ ಹೋಗಿದೆ. ನೇಪಾಳದವರು, ಕೀನ್ಯಾದವರು, ಕೊರಿಯಾದವರು. ಎಲ್ಲರೂ ನನ್ನ ಮೇಜಿನ ಮುಂದೆ ಕೈ ಕಟ್ಟಿ ನಿಲ್ಲುತ್ತಾರೆ. ದೊಡ್ಡ ದೊಡ್ಡ ಓದು ಓದಿದವರು. ಒಬ್ಬ ಡೈರೆಕ್ಟರ್ ಮುಖ ಗಂಟಿಕ್ಕಿದರೆ ಅವರ ಮನೆ, ಕೆಲಸ, ಮಕ್ಕಳ ಶಾಲೆ ಎಲ್ಲ ಮುಗಿಯುತ್ತದೆ. ಡೈರೆಕ್ಟರ್ ಹೇಳಿದ್ದಕ್ಕೆಲ್ಲ ಅವರು ತಲೆಯಾಡಿಸುವುದನ್ನು ನೋಡಿ ನೋಡಿ ಅದು ಸಹಜವೆಂದೇ ಎಣಿಸಿದ್ದೆ. ತಲೆಯಾಡಿಸದವಳು ಹಿರುತ್ ಒಬ್ಬಳೇ, ಅದೂ ತನಗಾಗಿ ಅಲ್ಲ, ನನ್ನ ಅಪ್ಪನ ಹೆಸರಿಗಾಗಿ. ನಾನು ಈ ದೇಶದವಳು. ನನ್ನನ್ನು ಯಾರೂ ವಿಮಾನ ಹತ್ತಿಸಲಾರರು. ನಾನು ಹೆದರಿದರೆ ನಾಚಿಕೆಗೇಡು.

ಮನೆಗೆ ಬಂದು ಅನಿಲಕುಮಾರರನ್ನು ಕೇಳಿದೆ, ನಾನು ಸಹಿ ಹಾಕಿದರೆ ಕೆಲಸ ಹೋಗುತ್ತದೆ, ಏನು ಮಾಡಲಿ ಎಂದು. ಅವರು ಈ ಸಲ ತಮಾಷೆ ಮಾಡಲಿಲ್ಲ.

“ಸಹಿ ಹಾಕು. ನಮ್ಮಪ್ಪ ಈ ಮುಂಬೈದಾಗ ಮೂವತ್ತು ವರ್ಷ ಕಾಂಕ್ರೀಟ ಹೊತ್ತಾನ. ಒಂದು ಗ್ವಾಡಿ ಮ್ಯಾಲರೆ ಅವನ ಹೆಸರೈತೇನು? ನಿಮ್ಮಪ್ಪಂದರೆ ಇರ್ಲಿ.”

“ನಿಮ್ಮನ್ನ ಅವರು ಕೂರು ಅಂತನೂ ಅನ್ಲಿಲ್ಲ,” ಎಂದೆ.

“ಅದು ನನಗೂ ಅವರಿಗೂ ಇರೋ ಮಾತು. ನಾವು ಬಗೀಹರಿಸ್ಕೋತೀವಿ. ಹೆಸರಿನ ಮಾತು ಬ್ಯಾರೆ.”

ಬುಧವಾರ ಏನು ಮಾಡುತ್ತೇನೆಂದು ತಿಳಿಸುತ್ತೇನೆ. ಬೇಡವೆಂದು ಮತ್ತೆ ಬರೆಯಬೇಡಿ. ನೀವು ಬೇಡವೆಂದದ್ದನ್ನು ಒಮ್ಮೆ ಮಾಡಿದ್ದೇನೆ, ಅದರಿಂದ ನನಗೆ ಕೆಟ್ಟದ್ದೇನೂ ಆಗಲಿಲ್ಲ.

ನಿಮ್ಮ,
ವಿನೋದಿನಿ


ವಿದೇಶಿ ವಿದ್ವಾಂಸರ ವಿಭಾಗ, ಘಾಟ್ಕೋಪರ್ ಪೂರ್ವ
9 ಅಕ್ಟೋಬರ್ 2024

ಅಪ್ಪ, ಇವತ್ತು ಮಧ್ಯಾಹ್ನ ಡೈರೆಕ್ಟರ ಕೈಗೆ ಇಂಗ್ಲಿಷಿನಲ್ಲಿ ಕೊಟ್ಟದ್ದು ಕೆಳಗಿದೆ, ನಿಮಗಾಗಿ ಕನ್ನಡದಲ್ಲಿ. ಕುಲಪತಿಗಳ ಕಚೇರಿಗೂ ಒಂದು ಪ್ರತಿ ಕೊಟ್ಟು ಮುದ್ರೆ ಹಾಕಿಸಿಕೊಂಡಿದ್ದೇನೆ.

ಮಾನ್ಯ ಡೈರೆಕ್ಟರ್ ಅವರಿಗೆ,

ಚೆಂಬೂರಿನ ಶ್ರೀ ಚೆನ್ನಯ ಪೂಜಾರಿಯವರ ನಿಜವಾದ ಮಗಳನ್ನು ಹುಡುಕಿ ಹೇಳಿಕೆ ತರಬೇಕೆಂದು ತಾವು ಆದೇಶಿಸಿದ್ದಿರಿ. ಹುಡುಕಿದ್ದೇನೆ. ಅವಳು ತಮ್ಮ ಕೋಣೆಯ ಪಕ್ಕದ ಕೋಣೆಯಲ್ಲಿ ಹದಿನಾಲ್ಕು ವರ್ಷದಿಂದ ಕೂರುತ್ತಿದ್ದಾಳೆ. ಅವಳ ಹೇಳಿಕೆ ಹೀಗಿದೆ.

ನಾನು, ವಿನೋದಿನಿ, ಚೆನ್ನಯ ಪೂಜಾರಿಯವರ ಸ್ವಂತ ಮಗಳು. ನನ್ನ ತಂದೆಯ ಮೇಲೆ ನನಗೆ ಸಿಟ್ಟು ಇದ್ದದ್ದು ನಿಜ. ಅದು ನಮ್ಮ ಮನೆಯ ವಿಷಯ, ವಿಶ್ವವಿದ್ಯಾಲಯದ ಫೈಲಿಗೆ ಸೇರಿದ್ದಲ್ಲ. ಅವರು ರಿಜಿಸ್ಟರಿನಲ್ಲಿ ಡಾ. ಹಿರುತ್ ಬೆಕೆಲೆಯವರನ್ನು ಮಗಳೆಂದು ಬರೆದದ್ದಕ್ಕೆ ಆಕ್ಷೇಪಣೆ ಇರಬೇಕಾದವಳು ಯಾರಾದರೂ ಇದ್ದರೆ ನಾನೊಬ್ಬಳೇ. ನನಗೆ ಆಕ್ಷೇಪಣೆ ಇಲ್ಲ. ನಾನು ಇಲ್ಲದ ವರ್ಷಗಳಲ್ಲಿ ಅವರ ಎದುರು ಕೂತು ಉಂಡವಳು ಅವಳು. ಅವರ ಹೆಸರನ್ನು ಬರೆದವಳೂ ಅವಳೇ. ಅದನ್ನು ಅಳಿಸಿದರೆ ತನ್ನ ವೀಸಾ ಉಳಿಯುತ್ತದೆಂದು ಗೊತ್ತಿದ್ದೂ ಅಳಿಸದೆ ಇದ್ದಾಳೆ.

ಡಾ. ಹಿರುತ್ ಅವರ ಕೆಲಸದ ಕರಾರು ಇನ್ನೂ ಎರಡು ವರ್ಷವಿದೆ, ಅದನ್ನು ಯಾರೂ ರದ್ದು ಮಾಡಿಲ್ಲ. ಸಿ ಫಾರ್ಮಿನಲ್ಲಿರುವ ಅವರ ವಿಳಾಸ ಸತ್ಯ. ಆದ್ದರಿಂದ ನಿಯಮದ ಪ್ರಕಾರ ನನಗಿರುವ ಅಧಿಕಾರದಿಂದ ಅವರ ಹೊಣೆಪತ್ರಕ್ಕೆ ಇವತ್ತು ಬೆಳಿಗ್ಗೆ ಸಹಿ ಹಾಕಿ, ವಿದೇಶಿಯರ ನೋಂದಣಿ ಕಚೇರಿಗೆ ಕಳಿಸಿದ್ದೇನೆ. ಸ್ವೀಕೃತಿ ಸಂಖ್ಯೆ ಬಂದಿದೆ. ಲೇಖನದ ಮೇಲಿನ ಎರಡು ಹೆಸರುಗಳು ಯಾವುವು, ಅದರಲ್ಲಿ ಒಂದನ್ನು ತೆಗೆಯಲು ತಾವು ಯಾವ ದಿನ ಏನು ಹೇಳಿದಿರಿ ಎಂಬುದನ್ನೂ ಬರೆದು ಕುಲಪತಿಗಳಿಗೆ ಕೊಟ್ಟಿದ್ದೇನೆ.

ಮನೆಯ ಯಜಮಾನರು ನನ್ನ ತಂದೆಯೆಂದು ಮೊದಲೇ ತಿಳಿಸದಿದ್ದದ್ದು ನನ್ನ ತಪ್ಪು. ಅದಕ್ಕಾಗಿ ತಾವು ನನ್ನನ್ನು ಕೆಲಸದಿಂದ ತೆಗೆಯಬಹುದು. ಅದಕ್ಕೆ ಬೇಕಾದ ನಮೂನೆ ನನ್ನ ಮೇಜಿನ ಬಲಗಡೆಯ ಖಾನೆಯಲ್ಲಿದೆ. ತಮಗೆ ತೊಂದರೆಯಾಗಬಾರದೆಂದು ನನ್ನ ಹೆಸರು, ಹುದ್ದೆ ಮತ್ತು ತಂದೆಯ ಹೆಸರನ್ನು ನಾನೇ ತುಂಬಿಟ್ಟಿದ್ದೇನೆ. ಸಹಿ ಮಾತ್ರ ತಮ್ಮದು.

ವಿನೋದಿನಿ ಚೆನ್ನಯ ಪೂಜಾರಿ
ಅಧಿಕೃತ ಸಹಿದಾರರು, ಇವತ್ತು ಸಂಜೆ ಐದೂವರೆಯವರೆಗೆ